ಗಣಿ ಮುಚ್ಚಿ ಇಷ್ಟು ವರ್ಷ ಆದ್ರೂ ಇದ್ರಿಯಾದ ಪಾದರಸ ಯಾಕೆ ಮುಗೀತಿಲ್ಲ

ಸ್ಲೊವೇನಿಯಾದ ಪಶ್ಚಿಮಕ್ಕೆ, ರಾಜಧಾನಿ ಲುಬ್ಲಿಯಾನಾದಿಂದ ಹೆಚ್ಚುಕಮ್ಮಿ 60 ಕಿಮೀ ದೂರದಲ್ಲಿ, ಸುತ್ತ ಬೆಟ್ಟ ಇರೋ ಕಣಿವೆಲಿ ಇದ್ರಿಯಾ ಅಂತ ಒಂದು ಊರಿದೆ. ಸುತ್ತಲ ಹಳ್ಳಿ ಎಲ್ಲಾ ಸೇರಿ ಇಡೀ ಮುನ್ಸಿಪಾಲಿಟಿಗೆ 12 ಸಾವಿರದ ಹತ್ತಿರ ಜನ, ಅಷ್ಟೇ. 2012ರಲ್ಲಿ ಯುನೆಸ್ಕೊ ಇದನ್ನ ಸ್ಪೇನಿನ ಪಾದರಸ ಗಣಿ ಊರು ಅಲ್ಮದೇನ್ ಜೊತೆ ಸೇರಿಸಿ ಪಾದರಸದ ಪರಂಪರೆ ಅಂತ ವಿಶ್ವ ಪಟ್ಟಿಗೆ ಹಾಕ್ತು. ಅದೇ ಪಾದರಸ ನದಿ ಕೆಸರಲ್ಲಿ ಎಷ್ಟಿದೆ ಅಂತ ವಿಜ್ಞಾನಿಗಳು ಇವತ್ತಿಗೂ ಅಳೀತಾ ಇದಾರೆ. ಗಣಿ ಮುಚ್ಚಿದ ಮೇಲೂ ಇದೇನು ಗೋಳು ಅನ್ನೋರಿಗೆ ಸ್ವಲ್ಪ ಹಿಂದಿಂದ ಹೇಳ್ಬೇಕು.

ಕತೆ ಶುರುವಾಗೋದು 1490ರಲ್ಲಿ. ಮರದ ತೊಟ್ಟಿ ಮಾಡೋನೊಬ್ಬ ಹೊಸ ತೊಟ್ಟಿನ ಒರತೆ ನೀರಲ್ಲಿ ನೆನೆಯೋಕೆ ಬಿಟ್ಟಿದ್ನಂತೆ, ಆಮೇಲೆ ನೋಡಿದ್ರೆ ತಳದಲ್ಲಿ ಬೆಳ್ಳಿ ಥರ ಹೊಳೀತಾ ಉರುಳಾಡ್ತಿರೋ ಭಾರದ ವಸ್ತು. ಅಲ್ಲಿನ ಕಲ್ಲಲ್ಲಿ ಪಾದರಸ ಇಂಗಳೀಕ ಅನ್ನೋ ಕೆಂಪು ಅದಿರಾಗಿಯೂ ಇದೆ, ಹನಿಹನಿಯಾಗಿ ಹಾಗೇ ಜಿನುಗೋದೂ ಇದೆ. 1500ರಲ್ಲಿ ಆಂಟನಿ ಅನ್ನೋ ಹೆಸರಿನ ಸುರಂಗ ತೋಡಿದ್ರು, 1508ರ ಜೂನ್ 22ಕ್ಕೆ ಭರ್ಜರಿ ಅದಿರು ಸಿಕ್ತು. ಬೆಳ್ಳಿ ಚಿನ್ನನ ಅದಿರಿಂದ ಬೇರೆ ಮಾಡೋಕೆ ಆಗ ಪಾದರಸ ಬೇಕೇ ಬೇಕಿತ್ತು, ವೆನಿಸ್ ವ್ಯಾಪಾರಿಗಳ ಕೈ ದಾಟಿ ಇದು ಎಲ್ಲೆಲ್ಲಿಗೋ ಹೋಯ್ತು. ಆಮೇಲೆ ಹ್ಯಾಬ್ಸ್‌ಬರ್ಗ್ ರಾಜಮನೆತನ, ನೆಪೋಲಿಯನ್, ಇಟಲಿ, ಯುಗೊಸ್ಲಾವಿಯಾ ಅಂತ ಊರಿನ ಒಡೆಯರು ಬದಲಾಗ್ತಾ ಹೋದ್ರು, ಎಲ್ಲರಿಗೂ ಈ ಗಣಿ ಬೇಕಿತ್ತು.

ಈಗಿನ ತಲೆನೋವಿನ ಬೇರು ಇರೋದು ಅದಿರು ಸುಡೋದ್ರಲ್ಲಿ. ಮೊದಮೊದಲು ಕಾಡಲ್ಲೇ ಸುಡ್ತಿದ್ರು. ಒಂದು ಮಣ್ಣಿನ ಮಡಕೆಗೆ ಅದಿರು ತುಂಬಿ, ಅದನ್ನ ನೆಲದಲ್ಲಿ ಹೂತ ಇನ್ನೊಂದು ಮಡಕೆ ಮೇಲೆ ಬೋರಲು ಹಾಕಿ, ಮೇಲೆ ಸೌದೆ ಒಟ್ಟಿ ಬೆಂಕಿ ಹಚ್ಚೋರು, ಬಿಸಿಗೆ ಆವಿಯಾದ ಪಾದರಸ ಕೆಳಗಿನ ಮಡಕೇಲಿ ತಣ್ಣಗಾಗಿ ಕೂಡ್ತಿತ್ತು. ಮಡಕೆ ಬಿರುಕು ಬಿಟ್ರೆ ಅಷ್ಟೂ ಮಣ್ಣಿಗೆ. ಆ ಬೆಟ್ಟಗಳಲ್ಲಿ ಈಗ್ಲೂ ಆ ಮಡಕೆ ಚೂರು ಸಿಗ್ತವೆ, ಸುತ್ತಲ ಮಣ್ಣಲ್ಲಿ ಈಗ್ಲೂ ಪಾದರಸ ಇದೆ. ಮುಂದೆ ಊರ ಹತ್ರಾನೇ ದೊಡ್ಡ ಕುಲುಮೆ ಬಂದ್ವು, ಹೊಗೆ ಕಣಿವೆಲೇ ಕೂತ್ಕೊಳ್ತು, ಸುಟ್ಟುಳಿದ ಕಲ್ಲುಪುಡಿನ ಇದ್ರಿಯ್ಟ್ಸಾ ನದಿ ದಡಕ್ಕೆ ಸುರಿದ್ರು. 500 ವರ್ಷದಲ್ಲಿ ಇಲ್ಲಿಂದ ಮಾರಾಟಕ್ಕೆ ಹೋಗಿದ್ದು 1,07,000 ಟನ್‌ಗಿಂತ ಜಾಸ್ತಿ, ಇದರ ಜೊತೆ ಗಾಳಿಗೆ ಮಣ್ಣಿಗೆ ನೀರಿಗೆ ಸೋರಿದ್ದೇ ಹತ್ತಾರು ಸಾವಿರ ಟನ್.

ಜನರ ಮೈಗೂ ಸೇರ್ತು. 1754ರಲ್ಲಿ ಜೊವಾನ್ನಿ ಸ್ಕೊಪೋಲಿ ಗಣಿ ಡಾಕ್ಟರಾಗಿ ಬಂದ, ಸಸ್ಯಶಾಸ್ತ್ರಕ್ಕೂ ಹೆಸರಾದ ಮನುಷ್ಯ. ಕೈ ನಡುಗೋದು, ಬಾಯಲ್ಲಿ ಜೊಲ್ಲು ಸುರಿಯೋದು, ಹಲ್ಲು ಸಡಿಲಾಗೋದು, ಪಾದರಸದ ಕಾಯಿಲೆ ಅಂದ್ರೆ ಇದು. ಚಮಚ ಬಾಯಿಗೆ ತರೋಷ್ಟರಲ್ಲಿ ಅರ್ಧ ಚೆಲ್ಲಿರುತ್ತೆ. ಗಣಿ ಕೂಲಿ ಸಾಲದೇ ಮನೆ ಹೆಂಗಸ್ರು ಉರುಟು ದಿಂಬಿಗೆ ಪಿನ್ನು ಚುಚ್ಚಿ, ಮರದ ಕಡ್ಡಿಗೆ ಸುತ್ತಿದ ದಾರ ಹಿಂದೆ ಮುಂದೆ ಹಾಕ್ತಾ ಲೇಸ್ ಹೆಣೆದು ಸಂಸಾರ ತೂಗಿಸಿದ್ರು. 1876ರಲ್ಲಿ ಶುರುವಾದ ಲೇಸ್ ಸ್ಕೂಲು ಇವತ್ತಿಗೂ ನಡೀತಿದೆ. ಟೂರಿಸ್ಟುಗಳು ಆ ಲೇಸ್ ನೋಡಿ, ಝ್ಲಿಕ್ರೊಫಿ ಅನ್ನೋ ಆಲೂಗಡ್ಡೆ ಹೂರಣದ ಕಡುಬು ತಿಂದು ಬರ್ತಾರೆ, ಒಳ್ಳೇದೇ, ಆದ್ರೆ ಆ ನೂಲಿನ ಹಿಂದೆ ನಡುಗೋ ಕೈಗಳಿದ್ವು ಅಂತಾನೂ ಗೊತ್ತಿರ್ಬೇಕು ಅಂತ ನನಗನ್ನಿಸುತ್ತೆ.

1970ರ ದಶಕದಲ್ಲಿ ಪಾದರಸ ವಿಷ ಅಂತ ಪ್ರಪಂಚಕ್ಕೆಲ್ಲ ಅರಿವಾಗಿ ರೇಟು ಬಿತ್ತು. 1977ರಲ್ಲಿ ಕೆಲಸ ನಿಲ್ತು, ಮತ್ತೆ ಸಣ್ಣದಾಗಿ ಶುರು ಮಾಡಿ ನೋಡಿದ್ರು, 1995ರಲ್ಲಿ ಪೂರ್ತಿ ನಿಂತೋಯ್ತು. ಊರು ಉಳ್ಕೊಂಡಿದ್ದು ಕಾರಿನ ಪಾರ್ಟ್ಸ್‌ನಿಂದ, 1963ರಲ್ಲೇ ಶುರುವಾಗಿದ್ದ ಕೊಲೆಕ್ಟರ್ ಕಂಪನಿ ಕಮ್ಯುಟೇಟರ್ ಅಂದ್ರೆ ಮೋಟಾರಿನ ತಿರುಗೋ ಭಾಗಕ್ಕೆ ಕರೆಂಟು ದಾಟಿಸೋ ಬಿಡಿಭಾಗ ಮಾಡ್ತಾ ಬೆಳೆದಿತ್ತು. ಆದ್ರೆ ಊರಿನ ಅಡಿಗೇ 700 ಕಿಮೀ ಸುರಂಗ, ಸುಮ್ನೆ ಬಿಟ್ರೆ ನೆಲ ಕುಸಿಯುತ್ತೆ, ಅದಕ್ಕೆ ಕಾಂಕ್ರೀಟ್ ತುಂಬ್ಬೇಕಾಯ್ತು, ಕೆಳಗಿನ ಹಂತಗಳಿಗೆ ನೀರು ಬಿಟ್ರು. ಈ ಖರ್ಚನ್ನ 500 ವರ್ಷದ ಲಾಭದ ಲೆಕ್ಕದಲ್ಲಿ ಯಾವತ್ತೂ ಬರೆದಿರ್ಲಿಲ್ಲ.

ಇನ್ನು ನದಿ. ಜೋರು ಮಳೆಗೆ ಇದ್ರಿಯ್ಟ್ಸಾ ತುಂಬಿ ಹರಿದಾಗ ದಡದ ಹಳೇ ಕಲ್ಲುಪುಡಿ ಕೊಚ್ಕೊಂಡು ಸೋಚಾ ನದಿಗೆ ಬೀಳುತ್ತೆ, ಅದು ಗಡಿ ದಾಟಿ ಇಟಲಿಗೆ ಹೋಗಿ ತ್ರಿಯೆಸ್ತೆ ಕೊಲ್ಲಿ ಸೇರುತ್ತೆ. ಅಲ್ಲಿನ ಕೆಸರಲ್ಲಿ ಬ್ಯಾಕ್ಟೀರಿಯಾಗಳು ಅದ್ರಲ್ಲಿ ಸ್ವಲ್ಪನ ಮಿಥೈಲ್ ಪಾದರಸ ಅನ್ನೋ ಇನ್ನೂ ಹೆಚ್ಚು ವಿಷದ ರೂಪಕ್ಕೆ ಬದಲಾಯಿಸ್ತವೆ, ಅದು ಮೀನಿನ ಮೈ ಸೇರುತ್ತೆ.