ಭುಜ ನೋಯಿಸದ ಕೋವಿ ಯಾವುದು?

ಪ್ರಶ್ನೆ: ನಾನು ಡಲ್ಲಾಸ್ ಹತ್ತಿರ ಇರುವವಳು, ಮೂಲ ಕೊಡಗು. ಗೆಳತಿಯರ ಜೊತೆ ಕ್ಲೇ ಶೂಟಿಂಗ್ (ಗಾಳಿಯಲ್ಲಿ ಹಾರಿಸುವ ತಟ್ಟೆಗೆ ಗುರಿಯಿಟ್ಟು ಹೊಡೆಯುವ ಆಟ) ಶುರು ಮಾಡಿದ್ದೇನೆ, ಸೆಪ್ಟೆಂಬರಿನಲ್ಲಿ ಬೆಳವ ಹಕ್ಕಿಯ ಬೇಟೆಗೂ ಹೋಗುವ ಆಸೆ. ಎತ್ತರ ಐದಡಿ ಎರಡಿಂಚು. ಕ್ಲಬ್ಬಿನ 12 ಗೇಜ್ ಕೋವಿಯಲ್ಲಿ 25 ಈಡು ಹೊಡೆಯುವಷ್ಟರಲ್ಲಿ ಭುಜ ಕಪ್ಪಾಗುತ್ತದೆ. "ಹೆಂಗಸರಿಗೆ ಹಗುರವಾದ 20 ಗೇಜ್ ಸಾಕು" ಅಂತ ಎಲ್ಲರೂ ಹೇಳುತ್ತಾರೆ. ಎರಡಕ್ಕೂ ಆಗುವ, ಕಡಿಮೆ ಒದೆಯುವ ಒಂದೇ ಕೋವಿ ಹೇಳಿ.

ಉತ್ತರ: ನಿಮಗೆ ಸಿಕ್ಕಿರುವ ಸಲಹೆಯಲ್ಲಿ ಅರ್ಧ ತಪ್ಪು. "ಹಗುರವಾದ" ಅನ್ನುವ ಅರ್ಧ.

ಕೋವಿ ಎಷ್ಟು ಒದೆಯುತ್ತದೆ ಅನ್ನುವುದು ಮೂರರ ಮೇಲೆ ನಿಂತಿದೆ: ಎಷ್ಟು ಗ್ರಾಂ ಚರೆ (ತೋಟೆಯೊಳಗಿನ ಸಣ್ಣ ಗುಂಡುಗಳು) ಹೊರಗೆ ಹಾರುತ್ತದೆ, ಎಷ್ಟು ವೇಗದಲ್ಲಿ ಹಾರುತ್ತದೆ, ಕೋವಿ ಎಷ್ಟು ತೂಗುತ್ತದೆ. ನಳಿಗೆಯ ಅಗಲಕ್ಕೆ ಇದರಲ್ಲಿ ನೇರ ಪಾತ್ರ ಇಲ್ಲ. ಗೇಜ್ ಅನ್ನುವುದು ಹಳೆಯ ಕಾಲದ ಅಳತೆ: ಒಂದು ಪೌಂಡ್ ಸೀಸದಲ್ಲಿ ಆ ನಳಿಗೆಗೆ ಕೂರುವಂಥ ಗುಂಡು ಎಷ್ಟು ಎರೆಯಬಹುದು ಅಂತ. 12 ಗೇಜಿನ ನಳಿಗೆ ಸುಮಾರು 18.5 ಮಿ.ಮೀ., 20 ಗೇಜಿನದು 15.6 ಮಿ.ಮೀ. ಇಪ್ಪತ್ತರ ತೋಟೆಯಲ್ಲಿ ಸಾಮಾನ್ಯವಾಗಿ ಚರೆ ಕಡಿಮೆ, ಅದಕ್ಕೇ ಅದಕ್ಕೆ ಮೃದು ಅನ್ನುವ ಹೆಸರು. ಆದರೆ ಕಂಪನಿಗಳು ಕೋವಿಯ ಮೈಯನ್ನೂ ಸಣ್ಣದು ಮಾಡಿ ತೂಕ ಇಳಿಸಿರುತ್ತವೆ. ಚರೆಯಲ್ಲಿ ಉಳಿದದ್ದು ಅಲ್ಲಿ ಹೋಗುತ್ತದೆ.

ಲೆಕ್ಕ ಹಾಕಿಯೇ ನೋಡೋಣ. 3.6 ಕೆ.ಜಿ. ತೂಗುವ 12 ಗೇಜ್ ಕೋವಿಯಲ್ಲಿ 32 ಗ್ರಾಂ ಚರೆಯ ತೋಟೆ, ಸೆಕೆಂಡಿಗೆ 366 ಮೀಟರ್ ವೇಗ. ಒದೆತದ ಶಕ್ತಿ ಸುಮಾರು 28 ಜೂಲ್ ಬರುತ್ತದೆ. ಬಹುಶಃ ಕ್ಲಬ್ಬಿನಲ್ಲಿ ನೀವು ತಿಂದಿರುವುದು ಇಷ್ಟು ಅಥವಾ ಇದಕ್ಕಿಂತ ಜಾಸ್ತಿ. ಅದೇ ಕೋವಿಗೆ, ಅದೇ ವೇಗದ 25 ಗ್ರಾಂ ತೋಟೆ ಹಾಕಿ: ಸುಮಾರು 18 ಜೂಲ್. ಈಗ ಅದೇ 25 ಗ್ರಾಮನ್ನು 2.8 ಕೆ.ಜಿ.ಯ 20 ಗೇಜಿನಲ್ಲಿ ಹೊಡೆದರೆ ಸುಮಾರು 23 ಜೂಲ್. ಭಾರದ ಹನ್ನೆರಡಕ್ಕಿಂತ ಹಗುರದ ಇಪ್ಪತ್ತು ಹೆಚ್ಚು ಒದೆಯಿತು. ಹೊಸಬರಿಗೆ ಅಂತ ಅಗ್ಗಕ್ಕೆ ಮಾರುವ 2.3 ಕೆ.ಜಿ.ಯ ಒಂಟಿ ನಳಿಗೆಯ 20 ಗೇಜ್ ಇದೆಯಲ್ಲ, ಅದು ಮತ್ತೆ 28ಕ್ಕೇ ಬಂದು ನಿಲ್ಲುತ್ತದೆ. ಮಕ್ಕಳ ಕೈಗೂ ಹೆಂಗಸರ ಕೈಗೂ ಮೊದಲು ಕೊಡುವುದು ಅದನ್ನೇ. ಎರಡು ಈಡಿಗೆ ಹೆದರಿ ಮತ್ತೆ ಆ ಕಡೆ ತಲೆ ಹಾಕದವರು ಎಷ್ಟೋ ಜನ.

ಆದ್ದರಿಂದ ಕೋವಿ ಬದಲಿಸುವ ಮೊದಲು ತೋಟೆ ಬದಲಿಸಿ. ಒಲಿಂಪಿಕ್ಸ್‌ನ ಟ್ರ್ಯಾಪ್, ಸ್ಕೀಟ್ ಎರಡರಲ್ಲೂ 24 ಗ್ರಾಂ ಚರೆಗಿಂತ ಹೆಚ್ಚು ಬಳಸುವಂತಿಲ್ಲ. ಅದರಲ್ಲೇ ಅವರು 25ಕ್ಕೆ 25 ತಟ್ಟೆ ಒಡೆಯುತ್ತಾರೆ. ಅಂಗಡಿಯಲ್ಲಿ ಒಂದು ಔನ್ಸಿನದು, ಎಂದರೆ 28 ಗ್ರಾಂ, ಅಥವಾ ಔನ್ಸಿನ ಎಂಟರಲ್ಲಿ ಏಳು ಭಾಗದ್ದು, ಎಂದರೆ ಸುಮಾರು 25 ಗ್ರಾಂ, ಕೇಳಿ. ವಿಂಚೆಸ್ಟರ್ ಎಎ ಸಾಲಿನಲ್ಲಿ 26 ಗ್ರಾಂ, ಸೆಕೆಂಡಿಗೆ 300 ಮೀಟರಿನ ಕಡಿಮೆ ಒದೆತದ ತೋಟೆಯೇ ಇದೆ, 3.6 ಕೆ.ಜಿ. ಕೋವಿಯಲ್ಲಿ ಅದು ಸುಮಾರು 13 ಜೂಲ್ ಅಷ್ಟೆ. ಒಂದು ತೊಡಕು: ಇಷ್ಟು ಮೆತ್ತಗಿನ ತೋಟೆಗೆ ಕೆಲವು ಆಟೋ ಕೋವಿಗಳ (ಮುಂದಿನ ತೋಟೆಯನ್ನು ತಾವೇ ಏರಿಸಿಕೊಳ್ಳುವಂಥವು) ಯಂತ್ರ ಪೂರ್ತಿ ಹಿಂದೆ ಸರಿಯದೆ ಖಾಲಿ ತೋಟೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇನ್ನು ಕೋವಿಯ ಜಾತಿ. ಕೈಯಿಂದ ಹಿಂದೆ ಮುಂದೆ ಜಗ್ಗಿ ತೋಟೆ ಏರಿಸುವ ಪಂಪ್ ಕೋವಿ, ಜೋಡಿ ನಳಿಗೆ ಕೋವಿ ಎರಡೂ ಒದೆತವನ್ನು ಇದ್ದಷ್ಟೂ ಒಮ್ಮೆಗೇ ಭುಜಕ್ಕೆ ದಾಟಿಸುತ್ತವೆ. ಗ್ಯಾಸಿನಿಂದ ಕೆಲಸ ಮಾಡುವ ಸೆಮಿ ಆಟೋಮ್ಯಾಟಿಕ್‌ನಲ್ಲಿ ನಳಿಗೆಯ ಸಣ್ಣ ತೂತಿನಿಂದ ಸ್ವಲ್ಪ ಹೊಗೆಗಾಳಿ ಕೆಳಗಿಳಿದು ಪಿಸ್ಟನ್ ತಳ್ಳುತ್ತದೆ, ಬೋಲ್ಟ್ ಹಿಂದಕ್ಕೆ ಓಡಿ ಸ್ಪ್ರಿಂಗ್ ಅದುಮುತ್ತದೆ. ಅಷ್ಟರಲ್ಲಿ ಒದೆತ ಹೆಚ್ಚು ಹೊತ್ತಿಗೆ ಹರಡಿಕೊಳ್ಳುತ್ತದೆ. ಭುಜಕ್ಕೆ ಕೈಯಿಂದ ಗುದ್ದುವುದಕ್ಕೂ ಅದೇ ಕೈಯಿಂದ ದೂಡುವುದಕ್ಕೂ ಇರುವ ವ್ಯತ್ಯಾಸ ಅದು. 1963ರಲ್ಲಿ ಬಂದ ರೆಮಿಂಗ್ಟನ್ 1100 ಈ ಕಾರಣಕ್ಕೇ ಹೆಸರು ಮಾಡಿತು, ಹಳೆಯದು ಚೆನ್ನಾಗಿಟ್ಟದ್ದು ಸಿಕ್ಕರೆ ಇವತ್ತಿಗೂ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಹೊಸದರಲ್ಲಿ ಬೆರೆಟ್ಟಾ ಎ300, ಎ400, ವಿಂಚೆಸ್ಟರ್ ಎಸ್‌ಎಕ್ಸ್4 ಗ್ಯಾಸಿನವು. ಬೆನೆಲ್ಲಿಯ ಮಾಂಟೆಫೆಲ್ಟ್ರೊ, ಫ್ರಾಂಕಿಯ ಅಫಿನಿಟಿ ಕೂಡ ಸೆಮಿ ಆಟೋಗಳೇ, ಸುಂದರವೇ, ಆದರೆ ಅವು ಇನರ್ಷಿಯಾದಿಂದ ನಡೆಯುವಂಥವು: ಕೋವಿ ಹಿಂದೆ ಸರಿಯುವ ರಭಸದಿಂದಲೇ ಯಂತ್ರ ಓಡಬೇಕು. ಹಗುರ, ಮಸಿ ಕಟ್ಟುವುದು ಕಡಿಮೆ, ಒದೆತ ಜಾಸ್ತಿ. ಅಂಗಡಿಯವನು "ಎರಡೂ ಆಟೋ, ಎರಡೂ ಒಂದೇ" ಅಂದರೆ ಒಪ್ಪಬೇಡಿ.

ಇಷ್ಟೆಲ್ಲ ಆದರೂ ನಿಮ್ಮ ಭುಜ ಕಪ್ಪಾಗುವುದಕ್ಕೆ ಮುಖ್ಯ ಕಾರಣ ಬೇರೆ ಅಂತ ನನ್ನ ಗುಮಾನಿ. ಕೋವಿಯ ಅಳತೆ. ಅಂಗಡಿಯ ಸಾಮಾನ್ಯ ಕೋವಿಯಲ್ಲಿ ಟ್ರಿಗರಿನಿಂದ ಹಿಡಿಯ, ಎಂದರೆ ಭುಜಕ್ಕೆ ಒತ್ತುವ ಹಿಂಭಾಗದ, ತುದಿಯ ತನಕ 14ರಿಂದ ಹದಿನಾಲ್ಕೂವರೆ ಇಂಚು ಇರುತ್ತದೆ. ಐದಡಿ ಎರಡಿಂಚಿನವರಿಗೆ ಅದು ಉದ್ದ, 13ರ ಆಸುಪಾಸು ಬೇಕಾಗುತ್ತದೆ. ಉದ್ದದ ಕೋವಿ ಎತ್ತುವಾಗ ಹಿಡಿ ಕಂಕುಳಿಗೆ ಸಿಕ್ಕಿ, ಭುಜದ ಗುಳಿಗೆ ಬರುವ ಬದಲು ಹೊರಗಿನ ತೋಳಿನ ಮೇಲೆ ಕೂರುತ್ತದೆ. ನಿಮ್ಮ ಕಪ್ಪು ಕಲೆ ಎಲ್ಲಿದೆ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಿ. ತೋಳಿನ ಮೇಲಿದ್ದರೆ ಕೋವಿ ಉದ್ದ. ಕೆನ್ನೆಯ ಮೂಳೆ ನೋಯುತ್ತಿದ್ದರೆ ಹಿಡಿಯ ಮೇಲ್ಭಾಗದ ಎತ್ತರ ಸರಿಯಿಲ್ಲ, ಕೆನ್ನೆ ಒತ್ತಿ ಕೂರದೆ ಗಾಳಿಯಲ್ಲಿದೆ. ಎದೆಗೆ ಹಿಡಿಯ ಕೆಳತುದಿ ಮಾತ್ರ ಚುಚ್ಚುತ್ತಿದ್ದರೆ ಆ ತುದಿಯ ಓರೆ ನಿಮ್ಮ ಮೈಕಟ್ಟಿಗೆ ಒಪ್ಪುತ್ತಿಲ್ಲ. ಹೆಂಗಸರಿಗೆ ಇದು ತೀರಾ ಸಾಮಾನ್ಯ. ಬೆರೆಟ್ಟಾದಂಥವರು ಹಿಡಿಯ ಬುಡಕ್ಕೆ ಹಾಕುವ ತೆಳು ಬಿಲ್ಲೆಗಳನ್ನು ಕೋವಿಯ ಜೊತೆಗೇ ಕೊಡುತ್ತಾರೆ, ಅವನ್ನು ಬದಲಿಸಿ ಇಳಿಜಾರನ್ನೂ ವಾಲನ್ನೂ ತಿದ್ದಬಹುದು. ಇಟಲಿಯ ಫಾಬಾರ್ಮ್ ಕಂಪನಿ ಸೈರೆನ್ ಅನ್ನುವ ಹೆಸರಿನಲ್ಲಿ ಹೆಂಗಸರ ಅಳತೆಗೇ ಕೋವಿ ಮಾಡುತ್ತದೆ. ಬೆಲೆ ಮೇಲಿನ ಮೆಟ್ಟಿಲಿನದು.

ಇನ್ನೊಂದನ್ನು ಪರೀಕ್ಷಿಸಿಕೊಳ್ಳಿ. ತರಬೇತುದಾರರಿಗೆ ಹೇಳಿ, ನಿಮಗೆ ಕಾಣದ ಹಾಗೆ ನಾಲ್ಕಾರು ತೋಟೆಗಳ ನಡುವೆ ಒಂದು ಹುಸಿ ತೋಟೆ ತುಂಬಿಸಿ. ಅದರ ಸರದಿ ಬಂದು ಬರೀ "ಟಕ್" ಅಂದಾಗ ನಳಿಗೆಯ ತುದಿ ತಟ್ಟೆಯ ಹಿಂದೆ ನುಣ್ಣಗೆ ಹೋಗುತ್ತಲೇ ಇದ್ದರೆ ಸರಿ. ನಳಿಗೆ ಗಕ್ಕನೆ ಕೆಳಗೆ ಕುಸಿದು, ಕಣ್ಣು ಮುಚ್ಚಿ, ಭುಜ ಮುಂದೆ ಬಂದರೆ ಮೈ ಆಗಲೇ ಒದೆತಕ್ಕೆ ಹೆದರಿದೆ ಅಂತ. ಅರ್ಧ ಹೆದರಿಕೆ ಸದ್ದಿನದು. ಕಿವಿಯೊಳಗಿನ ಪ್ಲಗ್ ಮೇಲೆ ಇಯರ್ ಮಫ್ ಕೂಡ ಹಾಕಿ ಹೊಡೆದು ನೋಡಿ, ಅದೇ ತೋಟೆ ಮೆತ್ತಗಾಗಿದೆ ಅನ್ನಿಸುತ್ತದೆ. ಒದೆತ ಇಳಿಸಲು ಅಂತ ನಳಿಗೆಗೆ ತೂತು ಕೊರೆಸುವ ಚಾಳಿ ಒಂದಿದೆ. ದುಡ್ಡು ದಂಡ, ಪಕ್ಕದವರ ಕಿವಿಗೆ ಸದ್ದು ಜಾಸ್ತಿಯಾಗುತ್ತದೆ ಅಷ್ಟೆ.

ಕೊಡಗಿನವರಾದ್ದರಿಂದ ಒಂದು ಮಾತು. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಹೊಡೆದ ಕೈ ನಿಮ್ಮದಾಗಿದ್ದರೆ, ಅದು ನಿಂತ ಗುರಿ, ನಾಲ್ಕೈದು ಈಡಿನ ಮಾತು. ಆವತ್ತು ಒದೆತ ಲೆಕ್ಕಕ್ಕೇ ಬಂದಿರುವುದಿಲ್ಲ. ಸ್ಪೋರ್ಟಿಂಗ್ ಕ್ಲೇಸ್‌ನ ಒಂದು ಸುತ್ತು 100 ಈಡು. ಹತ್ತನೆಯದರಲ್ಲಿ ತಡೆದುಕೊಂಡದ್ದು ಎಂಬತ್ತರಲ್ಲಿ ತಡೆಯುವುದಿಲ್ಲ. ಊರಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇರುವುದು ನಿಜ, ಹಕ್ಕಿ ಹೊಡೆಯುವುದಕ್ಕಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊಡಗಿಗೂ ಒಂದೇ. ಬೇಟೆಯ ಆಸೆ ಟೆಕ್ಸಾಸಿನಲ್ಲೇ ಇರಲಿ.

ಈಗ ಹಕ್ಕಿಗೆ ಬರೋಣ, ಯಾಕೆಂದರೆ ಯಾವ ಹಕ್ಕಿ ಅನ್ನುವುದರ ಮೇಲೆ ಕೋವಿಯ ತೂಕ ತೀರ್ಮಾನವಾಗುತ್ತದೆ. ಬೆಳವನ ಬೇಟೆ ಅಂದರೆ ಸೂರ್ಯಕಾಂತಿ ಹೊಲದ ಅಂಚಿನಲ್ಲಿ ಸ್ಟೂಲು ಹಾಕಿ ಕೂತು ಕಾಯುವುದು. ಅಲ್ಲಿ ಮೂರೂವರೆ ಕೆ.ಜಿ. ಯಾರಿಗೂ ಭಾರವಲ್ಲ, ಒಂದು ಔನ್ಸಿನ ಎಂಟನೇ ನಂಬರಿನ ಚರೆ ಧಾರಾಳ ಸಾಕು. ಫೆಸೆಂಟ್ ಅಥವಾ ಲಾವಕ್ಕಿಯ ಹಿಂದೆ ನಾಯಿ ಬಿಟ್ಟು ದಿನವಿಡೀ ನಡೆಯುವುದಾದರೆ ಹಗುರದ 20 ಗೇಜ್ ಕೈಯಲ್ಲಿರಲಿ. ಇಡೀ ದಿನಕ್ಕೆ ಹತ್ತು ಈಡು ಹೊಡೆಯುತ್ತೀರಿ, ಒದೆತ ಗೊತ್ತೂ ಆಗುವುದಿಲ್ಲ. ಬಾತುಕೋಳಿಗೆ ಮಾತ್ರ ಈಗಲೇ ಆಸೆಪಡಬೇಡಿ. ಅಮೆರಿಕದಲ್ಲಿ 1991ರಿಂದ ಬಾತುಗಳಿಗೆ ಸೀಸದ ಚರೆ ನಿಷಿದ್ಧ, ಉಕ್ಕಿನ ಚರೆಯ ಮೂರಿಂಚಿನ ಭಾರೀ ತೋಟೆ ಹಗುರ ಕೋವಿಯಲ್ಲಿ ಕ್ಲೇ ತೋಟೆಯ ಎರಡರಷ್ಟು ಒದೆಯುತ್ತದೆ.

ನಿಮ್ಮ ಪಟ್ಟಿ ಕ್ಲೇ ಮತ್ತು ಬೆಳವ. ಹಾಗಾಗಿ ನಾನಾಗಿದ್ದರೆ 12 ಗೇಜಿನ, ಮೂರೂಕಾಲರಿಂದ ಮೂರೂವರೆ ಕೆ.ಜಿ.ಯ ಗ್ಯಾಸ್ ಸೆಮಿ ಆಟೋ ತೆಗೆದುಕೊಂಡು, ಹಿಡಿಯನ್ನು 13 ಇಂಚಿಗೆ ತಂದುಕೊಂಡು, 25ರಿಂದ 28 ಗ್ರಾಮಿನ ತೋಟೆ ಹೊಡೆಯುತ್ತೇನೆ. ಎ300ರ ದರ್ಜೆಯದು ಸಾವಿರ ಡಾಲರಿನ ಆಸುಪಾಸಿಗೆ ಬರುತ್ತದೆ. ಎರಡನೇ ಸ್ಟೇಷನ್ನಿಗೇ (ನಿಂತು ಹೊಡೆಯುವ ಜಾಗ) ಎಡಗೈ ಸೋತು ನಳಿಗೆ ಇಳಿಯುತ್ತದೆ ಅಂತಾದರೆ ಅದೇ ಗ್ಯಾಸ್ ಕೋವಿಯ 20 ಗೇಜ್ ಮಾದರಿಗೆ ಇಳಿಯಿರಿ, ಜೋಡಿ ನಳಿಗೆಗೆ ಬೇಡ. ಬೆಳವನಿಗೆ ಹೋಗುವಾಗ ಮ್ಯಾಗಜಿನ್‌ನೊಳಗೆ ಪ್ಲಗ್ ಇರಬೇಕು. ವಲಸೆ ಹಕ್ಕಿಗಳಿಗೆ ಒಟ್ಟು ಮೂರಕ್ಕಿಂತ ಹೆಚ್ಚು ತೋಟೆ ತುಂಬುವಂತಿಲ್ಲ.

ವೀಸಾ ವಿಷಯ ನೀವು ಹೇಳಿಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿದ್ದರೆ ಅಮೆರಿಕದ ಕಾನೂನಿನಂತೆ ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಕೈಯಲ್ಲಿದ್ದರೆ ವಿನಾಯಿತಿ ಉಂಟು. ಆದ್ದರಿಂದ ಕ್ಲೇ ಮಾತ್ರ ಹೊಡೆಯುವವರೂ ಮೊದಲು ಮಾಡಿಸಬೇಕಾದದ್ದು ಬೇಟೆಯ ಲೈಸೆನ್ಸ್, ಬಾಡಿಗೆ ಕೋವಿ ಮುಟ್ಟುವುದಕ್ಕೂ ಮುಂಚೆ. ಗ್ರೀನ್ ಕಾರ್ಡಿನವರಿಗೆ ಈ ತಾಪತ್ರಯ ಇಲ್ಲ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಟೆಕ್ಸಾಸಿನಲ್ಲಿ ಬೇಟೆ ಶಿಕ್ಷಣದ ತರಗತಿಯನ್ನೂ ಮಾಡಬೇಕು. ಅಲ್ಲಿನ ವರ್ಷದ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಬೆಳವನ ಋತು ನಿಮ್ಮ ಕಡೆ ಸೆಪ್ಟೆಂಬರ್ 1ಕ್ಕೆ ಶುರು. ಆಗಸ್ಟ್ ಮಧ್ಯದಲ್ಲಿ ಹೊಸದು ಮಾರಾಟಕ್ಕೆ ಬಂದ ಕೂಡಲೇ ವಲಸೆ ಹಕ್ಕಿಯ ಹೆಚ್ಚುವರಿ ಅನುಮತಿ ಸಮೇತ ತೆಗೆದಿಟ್ಟುಕೊಳ್ಳಿ.