ಮಾವನ ಹೊಲಕ್ಕೆ ಸುಣ್ಣ ಬೇಡ

"ಹೊಲಕ್ಕ ಸುಣ್ಣ ಹಾಕಿದ್ರ ಪೀಕು ಚಲೋ ಬರ್ತೈತಂತ. ನಾನೂ ನಾಕ್ ಚೀಲ ಹಾಕ್ಲೇನು?" ಬಸವನಬಾಗೇವಾಡಿ ಕಡೆಯ ನಮ್ಮ ಸೋದರಮಾವ ಕೇಳಿದರು. ಅವರ ಹೊಲದಲ್ಲೇ ಒಂದು ಬಿಳಿ ಹರಳು ಆರಿಸಿ, ತೊಳೆದು, ಮೇಲೆ ನಿಂಬೆಹಣ್ಣು ಹಿಂಡಿದೆ. ಸಣ್ಣ ಗುಳ್ಳೆಗಳು ಎದ್ದವು. ಕಿವಿ ಹತ್ತಿರ ಹಿಡಿದರೆ ಸುರ್ ಅನ್ನುವ ಸದ್ದು. ಅದೇ ಸುಣ್ಣದ ಹರಳು. ಎರಿ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಅದು ಬೇಕಾದಷ್ಟಿದೆ. ಮತ್ತೆ ಸುಣ್ಣ ಹಾಕುವುದು ಉಪ್ಪಿನಕಾಯಿಗೆ ಉಪ್ಪು ಉದುರಿಸಿದ ಹಾಗೆ.

ಸುಣ್ಣ ಎಲ್ಲ ಹೊಲಕ್ಕೂ ಹಾಕುವ ಗೊಬ್ಬರ ಅಲ್ಲ, ಹುಳಿ ಮಣ್ಣಿನ ಔಷಧ. ಹುಳಿ ಮಣ್ಣು ನೋಡಬೇಕೆಂದರೆ ಖಾನಾಪುರದ ಕಡೆ ಹೋಗಬೇಕು. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆ ಗೊತ್ತಲ್ವಾ? ಆ ನೀರು ಕೆಂಪು ಮಣ್ಣಿನ ಕ್ಯಾಲ್ಸಿಯಂ ತೊಳೆದು ಹೊಳೆಗೆ ಸೇರಿಸುತ್ತದೆ. ಮಣ್ಣಿನ ಕಣವನ್ನು ಬಸ್ಸು ಅಂದುಕೊಳ್ಳಿ. ಕ್ಯಾಲ್ಸಿಯಂ ಇಳಿದ ಸೀಟಿಗೆ ಹೈಡ್ರೋಜನ್, ಅಲ್ಯೂಮಿನಿಯಂ ಟವೆಲ್ ಹಾಕಿ ಕೂರುತ್ತವೆ. ಹುಳಿಯ ಅಳತೆ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಇಳಿದರೆ ಅಲ್ಯೂಮಿನಿಯಂ ನೀರಲ್ಲಿ ಕರಗಿ ಬೇರಿನ ತುದಿಯನ್ನು ಮೊಂಡು ಮಾಡುತ್ತದೆ.

ಅಂದ ಹಾಗೆ, ಪಿಎಚ್ ಅಳತೆ ಹುಟ್ಟಿದ್ದು ಹೊಲದಲ್ಲಲ್ಲ, ಬಿಯರ್ ಕಂಪನಿಯಲ್ಲಿ! 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೊರೆನ್ಸೆನ್ ಇದನ್ನು ತಂದ. ಒಂದು ಅಂಕಿ ಇಳಿದರೆ ಹುಳಿ 10 ಪಟ್ಟು. 7ರಿಂದ 5ಕ್ಕೆ ಇಳಿದರೆ 100 ಪಟ್ಟು.

ಕ್ಯಾಲ್ಸಿಯಂ ಕೊಟ್ಟರೆ ಹುಳಿ ಹೋಗುತ್ತೆ ಅಂತ ಬಹಳ ಜನ ನಂಬಿದ್ದಾರೆ. ಹಾಗಿದ್ದರೆ ಜಿಪ್ಸಂನಿಂದಲೂ ಹೋಗಬೇಕಿತ್ತು, ಅದರಲ್ಲೂ ಕ್ಯಾಲ್ಸಿಯಂ ಇದೆ. ಹೋಗಲ್ಲ. ನಿಜವಾದ ಕೆಲಸಗಾರ ಸುಣ್ಣದ ಕಲ್ಲಿನ ಇನ್ನೊಂದು ಪಾಲು, ಕಾರ್ಬೊನೇಟ್. ಕ್ಯಾಲ್ಸಿಯಂ ಸೀಟಿನಿಂದ ಎಬ್ಬಿಸಿದ ಹೈಡ್ರೋಜನ್ನನ್ನು ಅದು ಹಿಡಿದು ನೀರು ಮಾಡುತ್ತದೆ. ಜೊತೆಗೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. ಹರಳಿನ ಮೇಲೆ ಸುರ್ ಅಂದದ್ದು ಇದೇ. ಖಾನಾಪುರದಲ್ಲಿ ನಿಂಬೆಹಣ್ಣಿನ ಕೆಲಸವನ್ನು ಮಣ್ಣೇ ಮಾಡುತ್ತದೆ, ಆದರೆ ತಿಂಗಳುಗಟ್ಟಲೆ, ಸದ್ದಿಲ್ಲದೆ. ಅಲ್ಯೂಮಿನಿಯಂ ಏನಾಯಿತು? ರಾಡಿ ನೀರಿಗೆ ಪಟಕ ಹಾಕಿದಾಗ ಹಿಂಜಿದ ಹತ್ತಿಯಂಥದ್ದು ತಳಕ್ಕೆ ಕೂರುತ್ತದಲ್ಲ, ಹಾಗೇ ಗಟ್ಟಿಯಾಗಿ ಕೂರುತ್ತದೆ. ಬೇರಿಗೆ ಅದರ ಕಾಟ ತಪ್ಪುತ್ತದೆ.

ಲೋಕಾಪುರ ಕಡೆ ಸುಣ್ಣದ ಕಲ್ಲಿಗೆ ಬರವಿಲ್ಲ. ಆದರೆ ಹೊಲಕ್ಕೆ ಹಿಟ್ಟಿನಂಥ ನುಣ್ಣನೆ ಪುಡಿಯೇ ಬೇಕು, ಬಿತ್ತನೆಗೆ ಕೆಲವು ವಾರ ಮೊದಲೇ ಮಣ್ಣಲ್ಲಿ ಬೆರೆಸಬೇಕು. ಯೂರಿಯಾ ಜೊತೆ ಮಾತ್ರ ಬೆರೆಸಬೇಡಿ, ಸಾರಜನಕ ಅಮೋನಿಯಾ ಆಗಿ ಗಾಳಿಪಾಲಾಗುತ್ತದೆ.

ಮಾವನ ಹೊಲದ ಒಂದು ಮೂಲೆ ಕಾಲುವೆ ನೀರು ಬಂದಮೇಲೆ ಸವಳಾಗಿದೆ. ಅಲ್ಲಿ ಸೀಟು ಹಿಡಿದದ್ದು ಸೋಡಿಯಂ ಆಗಿದ್ದರೆ ಅದನ್ನು ಎಬ್ಬಿಸಲು ಜಿಪ್ಸಂನ ಕ್ಯಾಲ್ಸಿಯಂ ಬೇಕಾದೀತು. ಆ ಮೂಲೆಯ ಮಣ್ಣು ಒಂದು ಚೀಲದಲ್ಲಿ ಕಟ್ಟಿ ತಂದಿದ್ದೇನೆ, ಸೋಮವಾರ ಪರೀಕ್ಷೆಗೆ ಕೊಡಬೇಕು.