ಸಂಜೆ ಸರಿ ಇದ್ದ ವೆಲ್ಡ್ ಬೆಳಿಗ್ಗೆ ಯಾಕೆ ಬಿರಿಯುತ್ತದೆ?

ಪುಣೆಯ ಭೋಸರಿ, ಚಾಕಣ ಕಡೆಯ ಫ್ಯಾಬ್ರಿಕೇಶನ್ ಶೆಡ್‌ಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ವೆಲ್ಡರ್‌ಗಳು ಸಿಗುತ್ತಾರೆ. ಒಳ್ಳೆಯ ಕೈ ಇರುವವರು. ಆದರೆ ಮಳೆಗಾಲದಲ್ಲಿ ದಪ್ಪ ಪ್ಲೇಟಿನ ಜಾಯಿಂಟ್ ಸಂಜೆ ಸರಿ ಇದ್ದು ಬೆಳಿಗ್ಗೆ ಬಿರಿದಿದ್ದರೆ 'ದೃಷ್ಟಿ ಆಗಿದೆ', 'ಅಮಾವಾಸ್ಯೆ ದಿನ ಹಿಡಿಯಬಾರದಿತ್ತು' ಎಂಬ ಮಾತು ಬಂದೇ ಬರುತ್ತದೆ. ಮಷೀನಿಗೆ ನಿಂಬೆಹಣ್ಣು ಕಟ್ಟಿ ಮತ್ತೆ ಅದೇ ಒದ್ದೆ ವೆಲ್ಡಿಂಗ್ ರಾಡ್ ಹಿಡಿಯುತ್ತಾರೆ. ನನಗೆ ಚಿಂತೆ ಆಗುವುದು ಇದಕ್ಕೇ.

ಕಾರಣ ಹೈಡ್ರೋಜನ್. ರಾಡಿನ ಲೇಪ ಗಾಳಿಯ ತೇವ ಹೀರುತ್ತದೆ, ಆರ್ಕ್‌ನ (ರಾಡಿಗೂ ಪ್ಲೇಟಿಗೂ ನಡುವೆ ಹೊತ್ತುವ ವಿದ್ಯುತ್ ಕಿಡಿಯ) ಶಾಖಕ್ಕೆ ಆ ನೀರು ಒಡೆದು ಹೈಡ್ರೋಜನ್ ಪರಮಾಣುಗಳು ಕರಗಿದ ಲೋಹಕ್ಕೆ ಸೇರುತ್ತವೆ. ಪರಮಾಣು ಎಷ್ಟು ಚಿಕ್ಕದೆಂದರೆ ಗಟ್ಟಿ ಉಕ್ಕಿನೊಳಗೂ, ಮಣ್ಣಿನ ಮಡಕೆಯಲ್ಲಿ ನೀರು ಜಿನುಗಿದ ಹಾಗೆ, ನಿಧಾನಕ್ಕೆ ಸರಿಯುತ್ತದೆ. ಈ ನಿಧಾನದಿಂದಲೇ ಬಿರುಕು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ತಡವಾಗಿ ಬರುತ್ತದೆ.

1875ರಲ್ಲೇ ವಿಲಿಯಂ ಜಾನ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಇದನ್ನು ವರದಿ ಮಾಡಿದ್ದ. ಆಸಿಡ್‌ನಲ್ಲಿ ಅದ್ದಿದ ಕಬ್ಬಿಣದ ತಂತಿ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತಿತ್ತು, ಮುರಿದ ಜಾಗಕ್ಕೆ ನೀರು ಸವರಿದರೆ ಗುಳ್ಳೆ ಏಳುತ್ತಿದ್ದವು. ಅದೇ ತಂತಿಯನ್ನು ಕಾಯಿಸಿದರೆ, ಅಥವಾ ಕೆಲವು ದಿನ ಸುಮ್ನೆ ಬಿಟ್ಟರೆ, ಮತ್ತೆ ಮೊದಲಿನ ಹಾಗೆ ಬಾಗುತ್ತಿತ್ತು! ಕಾಯಿಸಿದರೆ ಹೈಡ್ರೋಜನ್ ಹೊರಗೆ ಹೋಗುತ್ತದೆ. ಪ್ರೀಹೀಟ್‌ನ, ಅಂದರೆ ವೆಲ್ಡ್‌ಗೆ ಮೊದಲು ಪ್ಲೇಟನ್ನು ಕಾಯಿಸುವುದರ, ಅರ್ಧ ಗುಟ್ಟು ಇದೇ.

ಇನ್ನರ್ಧ ಉಕ್ಕಿನದು. ಲೋ ಅಲಾಯ್ ಸ್ಟೀಲ್ (ಬೇರೆ ಲೋಹ ಸ್ವಲ್ಪ ಬೆರೆಸಿದ ಉಕ್ಕು) ಬೇಗ ತಣ್ಣಗಾದರೆ ವೆಲ್ಡ್ ಪಕ್ಕದ ಪಟ್ಟಿ ಮಾರ್ಟೆನ್ಸೈಟ್ ಎಂಬ ಪೆಡಸು ರೂಪಕ್ಕೆ ತಿರುಗಿ ಗಡಸಾಗುತ್ತದೆ. ಗಡಸು, ಹೈಡ್ರೋಜನ್, ಎಳೆತ, ಮೂರೂ ಕೂಡಿದಾಗ ಬಿರುಕು. 'ಕಾರ್ಬನ್ ಕಡಿಮೆ ಇದೆ, ಏನೂ ಆಗಲ್ಲ' ಅನ್ನುವುದು ತಪ್ಪು, ಮ್ಯಾಂಗನೀಸ್‌ನ ಆರನೇ ಒಂದು ಭಾಗವನ್ನೂ ಕಾರ್ಬನ್ ಲೆಕ್ಕಕ್ಕೆ ಸೇರಿಸಬೇಕು. ಕಾರ್ಬನ್ 0.18, ಮ್ಯಾಂಗನೀಸ್ 1.5 ಶೇಕಡಾ ಇದ್ದರೆ ಅಲ್ಲಿಗೇ 0.43. ಕ್ರೋಮಿಯಂ, ಮಾಲಿಬ್ಡಿನಂ ಇದ್ದರೆ ಇನ್ನೂ ಜಾಸ್ತಿ. 0.40 ದಾಟಿದ ಉಕ್ಕು ದಪ್ಪವಾಗಿದ್ದರೆ ಎಚ್ಚರ ಬೇಕೇ ಬೇಕು.

ಮೆಲ್ಬರ್ನ್‌ನ ಕಿಂಗ್ ಸ್ಟ್ರೀಟ್ ಸೇತುವೆ 1961ರಲ್ಲಿ ತೆರೆಯಿತು. 1962ರ ಜುಲೈ 10ರಂದು, ಅಲ್ಲಿನ ಚಳಿಗಾಲದಲ್ಲಿ, ಭಾರದ ಲಾರಿಯೊಂದು ಹೋಗುವಾಗ ಗರ್ಡರ್‌ಗಳು ಸೀಳಿದವು. ವೆಲ್ಡ್ ಪಕ್ಕದಲ್ಲಿ ಫ್ಯಾಬ್ರಿಕೇಶನ್ ಹೊತ್ತಿನಲ್ಲೇ ಬಿರುಕು ಹುಟ್ಟಿತ್ತು. ಒಂದು ವರ್ಷ ಅದರ ಮೇಲೆ ಜನ ಓಡಾಡಿದ್ದರು!

ಹಾಗಾಗಿ 7018 ರಾಡನ್ನು (ಹೈಡ್ರೋಜನ್ ಕಡಿಮೆ ಬಿಡುವ ಲೇಪದ ರಾಡ್) ಕಂಪನಿ ಹೇಳಿದಂತೆ, ಸಾಮಾನ್ಯವಾಗಿ 300ರಿಂದ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೇಕ್ ಮಾಡಿ. ಆಮೇಲೆ ಬಿಸಿ ಓವನ್‌ನಲ್ಲೇ ಇಡಿ, ಬೇಕಾದಷ್ಟೇ ತೆಗೆಯಿರಿ. ಬಿಸಿಲಿಗೆ ಒಣಹಾಕಿದರೆ ಸಾಲದು. ತುಕ್ಕು, ಎಣ್ಣೆ, ಪೇಂಟ್‌ನಿಂದಲೂ ಹೈಡ್ರೋಜನ್ ಬರುತ್ತದೆ, ಗ್ರೈಂಡ್ ಮಾಡಿ. ಪ್ರೀಹೀಟ್ ಎಷ್ಟು ಅನ್ನುವುದನ್ನು ಪ್ಲೇಟಿನ ದಪ್ಪ ಮತ್ತು ಮೇಲಿನ ಲೆಕ್ಕ ಹೇಳುತ್ತವೆ. ಕೈ ಮುಟ್ಟಿ ಅಂದಾಜು ಮಾಡಬೇಡಿ, ಗೊತ್ತಾದ ಬಿಸಿಗೆ ಕರಗುವ ಟೆಂಪರೇಚರ್ ಚಾಕ್ ಬಳಸಿ. ಬೇಗ ತಣಿಯಲಿ ಅಂತ ನೀರು ಸುರಿಯಲೇಬೇಡಿ.

ಎಲ್ಲರೂ ಮರೆಯುವುದು ಟ್ಯಾಕ್, ಅಂದರೆ ಪ್ಲೇಟ್ ಅಲುಗದಂತೆ ಮೊದಲು ಹಾಕುವ ಚುಕ್ಕಿ ವೆಲ್ಡ್. 'ಚಿಕ್ಕ ಟ್ಯಾಕ್‌ಗೆ ಯಾಕೆ ಕಾಯಿಸಬೇಕು' ಅನ್ನುತ್ತಾರೆ, ಅಲ್ವಾ? ತಣ್ಣನೆಯ ದಪ್ಪ ಪ್ಲೇಟ್ ಚಿಕ್ಕ ಟ್ಯಾಕಿನ ಶಾಖವನ್ನು ಗಳಿಗೆಯಲ್ಲಿ ಎಳೆದುಕೊಳ್ಳುತ್ತದೆ, ಅಲ್ಲೇ ಉಕ್ಕು ಅತಿ ಗಡಸಾಗುವುದು. ಟ್ಯಾಕ್‌ಗೂ ಅಷ್ಟೇ ಪ್ರೀಹೀಟ್ ಕೊಡಿ. ಒಳಗಿನ ಬಿರುಕನ್ನು ಶಬ್ದದ ಅಲೆಯಿಂದ ಹುಡುಕುವ ಕೊನೆಯ ಅಲ್ಟ್ರಾಸೋನಿಕ್ ಟೆಸ್ಟ್ ವೆಲ್ಡ್ ಮುಗಿದ ಕೂಡಲೇ ಬೇಡ. 48 ಗಂಟೆ ಬಿಟ್ಟು ಮಾಡಿಸಿ, ಡಿಸ್ಪ್ಯಾಚ್‌ನವರು ಲಾರಿ ಬಂದಿದೆ ಅಂತ ಎಷ್ಟೇ ಅವಸರ ಮಾಡಲಿ.